ಜೋಳದ ಕೋಣೆಯ ತತ್ತಿ ತಟ್ಟೆಗಳು

ಶ್ರಾವಣದ ಎರಡನೆಯ ಸೋಮವಾರ ಸಂಜೆ, ಅಜ್ಜಿ ಉಪವಾಸ ಮುಗಿಸಿ ಊಟಕ್ಕೆ ಕುಳಿತ ಹೊತ್ತಿಗೆ ಸರಿಯಾಗಿ, ನಮ್ಮಣ್ಣ ಪಂಪಣ್ಣ ಸೈಕಲ್ಲಿನ ಹಿಂದೆ ನಲವತ್ತು ತತ್ತಿ ತಟ್ಟೆ ಕಟ್ಟಿಕೊಂಡು ಮನೆಗೆ ಬಂದ. ಮೊಟ್ಟೆ ಇಟ್ಟು ಸಾಗಿಸುವ ಗುಳಿ ಗುಳಿಯ ಬೂದು ರಟ್ಟು. ನಮ್ಮದು ಲಿಂಗ ಕಟ್ಟಿದ ಮನೆ. ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾದರೆ ಅವ್ವ "ಆ ಬಿಳೇದು" ಎನ್ನುತ್ತಿದ್ದಳು. ಆ ನಲವತ್ತು ತಟ್ಟೆಗಳನ್ನು ಅವನು ಪಡಸಾಲೆಯ ನಡುವೆ, ಅಜ್ಜಿಯ ತಾಟಿನಿಂದ ಎರಡು ಮಾರು ದೂರದಲ್ಲಿ ಇಳಿಸಿದ. ಮೇಲಿನ ತಟ್ಟೆಯ ಗುಳಿಯೊಂದರಲ್ಲಿ ಹಳದಿ ಒಣಗಿ ಹೆಪ್ಪುಗಟ್ಟಿತ್ತು. ಅದಕ್ಕೊಂದು ಸಣ್ಣ ಪುಕ್ಕ ಅಂಟಿತ್ತು. ಇರುವೆಗಳು ಸಾಲು ಹಿಡಿದಿದ್ದವು.

"ಏನಲೇ ಅದು?" ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ರಟ್ಟು ಅಜ್ಜಿ. ಗ್ವಾಡಿಗಿ ಬಡೀತೀನಿ. ಹೊರಗಿನ ಸಪ್ಪಳ ಒಳಗ ಬರಂಗಿಲ್ಲ."

"ಯಾತರ ರಟ್ಟು?"

ಅಣ್ಣನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ತತ್ತೀದು. ರೇಡಿಯೋ ರಿಪೇರಿ ದಾವಲ್‌ಸಾಬ್ ಕೊಡಿಸಿದ. ಖಾಲಿ ಅದಾವ."

"ಖಾಲಿ ಅದಾವ," ಎಂದು ಅಜ್ಜಿ ಅವನ ಮಾತನ್ನೇ ಹೇಳಿದಳು. ತುತ್ತನ್ನು ತಾಟಿಗೆ ಬಿಟ್ಟು, ತಂಬಿಗೆಯ ನೀರಿನಲ್ಲಿ ಅಲ್ಲೇ ಕೈ ತೊಳೆದು ಎದ್ದಳು. ಮೂರು ತುತ್ತು ಉಂಡಿದ್ದಳು. ನಾನೇ ಬಡಿಸಿದ್ದರಿಂದ ಎಣಿಕೆ ನೆನಪಿದೆ.

ನಮ್ಮಲ್ಲಿ ಒಂದು ಪದ್ಧತಿ. ಹಿರಿಯರು ಸಿಟ್ಟಿನಿಂದ ತಾಟು ಬಿಟ್ಟು ಎದ್ದರೆ, ಯಾರಿಂದ ಎದ್ದರೋ ಅವರೇ ಬಂದು ಕರೆಯಬೇಕು. ಬೇರೆಯವರು ನೂರು ಸಲ ಕರೆದರೂ ಅದು ಕರೆದಂತಲ್ಲ. ಹಿಂದೊಮ್ಮೆ ಅಪ್ಪ ಹೊಲದ ಮಾತಿಗೆ ಅಜ್ಜಿಯ ಮೇಲೆ ದನಿ ಏರಿಸಿ, ಮರುದಿನ ಅಂಗಡಿ ಮುಚ್ಚಿ ಬಂದು, ತಾಟು ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತದ್ದನ್ನು ನಾನೇ ನೋಡಿದ್ದೇನೆ. ಐವತ್ತು ವರ್ಷದ ಗಂಡಸು. "ಏಳಬೇ ಯವ್ವಾ, ಉಣ್ಣು," ಎಂದದ್ದಷ್ಟೇ. ಅಜ್ಜಿ ಕೂಡಲೇ ಎದ್ದಿದ್ದಳು.

ಅಣ್ಣ ಕರೆಯಲಿಲ್ಲ. ಮೊಳೆ, ಸುತ್ತಿಗೆ ತೆಗೆದುಕೊಂಡು, ತಾನು ರೆಕಾರ್ಡಿಂಗಿಗೆ ತೆರವು ಮಾಡಿಕೊಂಡಿದ್ದ ಜೋಳದ ಕೋಣೆಗೆ ಹೋದ.

ಅವನಿಗೆ ಇಪ್ಪತ್ತೇಳು. ಹೈದರಾಬಾದಿನಲ್ಲಿ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬಂದು, ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿ ಇಟ್ಟಿದ್ದ. ಮದುವೆ, ಬಯಲಾಟ, ಭಜನೆ, ಯಾರು ಕರೆದರೂ ಹೋಗಿ ರೆಕಾರ್ಡು ಮಾಡಿಕೊಡುತ್ತಿದ್ದ. ಕ್ರಮೇಣ ಅವನಿಗೆ ಹಾಡು ಬೇಡವಾಯಿತು. ಹಾಡು ಮುಗಿದ ಮೇಲೆ ಟೇಪಿನಲ್ಲಿ ಉಳಿಯುವ ಸುಸ್ಸೆನ್ನುವ ಸಪ್ಪಳ ಬೇಕಾಯಿತು. ಹೈದರಾಬಾದಿನಲ್ಲಿ ಯಾರೋ ಪರದೇಶದ ಟೇಪು ಕೇಳಿಸಿದ್ದರಂತೆ. ಒಂದು ತಾಸು, ತಾಳವಿಲ್ಲ, ಪಲ್ಲವಿಯಿಲ್ಲ, ಒಂದೇ ದನಿ ನಿಧಾನ ಹಬ್ಬುತ್ತ ಹೋಗುವುದು. ಅಂಥದ್ದನ್ನು ತಾನೂ ಮಾಡುವುದಾಗಿ ಹೊರಟ. ದಿನ ಕಳೆದಂತೆ ಅಂಗಡಿಯ ಬಾಗಿಲು ಬೆಳಿಗ್ಗೆ ಮಾತ್ರ ತೆರೆಯತೊಡಗಿತು.

"ಹಾಡೂ ಅಲ್ಲ, ಬಾರಿಸೋದೂ ಅಲ್ಲ. ಏನಂತಾರಲೇ ಅದಕ್ಕ?" ಎಂದು ಅಪ್ಪ ಕೇಳಿದರೆ, "ಅದನ್ನ ಕೇಳಬಾರದಪ್ಪ. ಮನ್ಯಾಗ ನೆಳ್ಳು ಇರತೈತಲ್ಲ, ಹಂಗ ಇರಬೇಕದು," ಎನ್ನುತ್ತಿದ್ದ.

"ನೆಳ್ಳು ಪುಕ್ಕಟ ಬೀಳತೈತಿ. ಅದಕ್ಕ ಕರೆಂಟ್ ಯಾಕ ಬೇಕು?"

ಅಪ್ಪನದು ಗಂಜ್ ಮಾರುಕಟ್ಟೆಯ ರಸ್ತೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ. ತತ್ತಿ ತಟ್ಟೆಯ ಸುದ್ದಿ ತಿಳಿದ ದಿನ ಅವನು ಊಟಕ್ಕೆ ಕುಳಿತು, "ನನ್ನ ಅಂಗಡ್ಯಾಗ ಇಷ್ಟು ಗೋಣಿ ಬಿದ್ದಾವು. ಅದನ್ನ ಬಡಕೊಳ್ಳಾಕ ನಿನಗ ಏನು ಧಾಡಿ?" ಎಂದ.

"ಬಡದು ನೋಡೀನಿ. ಗೋಣಿ ಸಪ್ಪಳಾನ ನುಂಗತೈತಿ. ತತ್ತಿ ತಟ್ಟಿ ನುಂಗಂಗಿಲ್ಲ, ಒಡೀತೈತಿ. ಗುಳಿಗೊಂದು ಚೂರು."

"ಮನಿ ಒಡದೀಯಲೇ ನೀ," ಎಂದು ಅಪ್ಪ ರೊಟ್ಟಿ ಮುರಿದ. "ಹೋಗಿ ಮುದುಕೀನ ಕರಿ ಮೊದ್ಲು."

"ಕರದ್ರ ತಗೀ ಅಂತಾಳ. ತಗದ್ರ ಬಾಜೂ ಅಕ್ಕಿ ಮಿಲ್ಲಿನ ಸಪ್ಪಳ ಒಳಗ ಬರತೈತಿ. ಇನ್ನ ಹದಿನೈದು ದಿನ ತಡೀರಿ, ಒಂದು ಬದಿ ತುಂಬತೈತಿ, ಆಮ್ಯಾಲ ನಾನ ತಗೀತೀನಿ."

ಒಂದು ಬದಿಯೆಂದರೆ ಕ್ಯಾಸೆಟ್ಟಿನ ಒಂದು ಮಗ್ಗುಲು, ನಲವತ್ತೈದು ನಿಮಿಷ.

ಅಜ್ಜಿ ಒಲೆಯ ಮೇಲೆ ಬೆಂದದ್ದು ಯಾವುದನ್ನೂ ಮುಟ್ಟಲಿಲ್ಲ. ನೆನೆಸಿದ ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಹಿಡಿ ಪುಟಾಣಿ ಕಡಲೆ, ಅಷ್ಟೇ. ಹಲ್ಲಿಲ್ಲದ ಬಾಯಲ್ಲಿ ಪುಟಾಣಿಯನ್ನು ಹಿಟ್ಟಾಗುವವರೆಗೆ ಸವರುತ್ತಿದ್ದಳು. ಅವ್ವ ದಿನಾ ಕರೆದಳು. ಅಪ್ಪ ಕರೆದ. ನಾನು ಕರೆದೆ.

"ಉಣ್ಣಬೇ ಅತ್ತಿ, ಕಣ್ಣು ಒಳಗ ಹೋಗ್ಯಾವ ನಿನ್ನವು," ಎಂದಳು ಅವ್ವ.

"ನಿನ್ನ ಮ್ಯಾಲ ನನಗೇನು ಸಿಟ್ಟೈತೇನ ಶೇಖರವ್ವ? ನೀ ಯಾಕ ಕರೀತಿ?"

"ಮತ್ತ ನಿನ್ನ ಮಮ್ಮಗ ಕಿವಿ ಮುಚ್ಚಿಕೊಂಡು ಕುಂತಾನ."

"ಮುಚ್ಚಿಲ್ಲ, ತೆರಕೊಂಡs ಕುಂತಾನ. ಸಪ್ಪಳ ಹಿಡಿಯೂದs ಅಲ್ಲೇನು ಅವನ ಕೆಲಸ?" ಎಂದಳು ಅಜ್ಜಿ.

ಎರಡನೆಯ ವಾರ ಲಿಂಗಸುಗೂರಿನಿಂದ ಅವ್ವನ ಅಕ್ಕ ಗುರುಲಿಂಗಮ್ಮ ಬಂದಳು. ಬಂದವಳಿಗೆ ಹೇಳದೆ ಮುಚ್ಚಿಡುವುದು ಎಂಥದ್ದು? ಅಜ್ಜಿಯ ಕೈ ಹಿಡಿದು ನೋಡಿ, ನೇರ ಜೋಳದ ಕೋಣೆಯ ಬಾಗಿಲು ತಳ್ಳಿ, ತಳ್ಳಿದಷ್ಟೇ ಬೇಗ ಸೆರಗಿನಿಂದ ಮೂಗು ಮುಚ್ಚಿ ಹಿಂದೆ ಸರಿದಳು. "ಯವ್ವಾ ಶೇಖರವ್ವ, ಇದು ಮನಿಯೋ ಖಾನಾವಳಿ ಹಿತ್ತಲೋ?" ಎಂದು ಕೇಳಿ, ಚಹಾ ಕೂಡ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೊರಟಳು. ಅವ್ವ ಆ ದಿನ ಕುದಿಸಿಟ್ಟ ಚಹಾವನ್ನು ಯಾರೂ ಮುಟ್ಟಲಿಲ್ಲ. ಸಂಜೆಗೆ ಅದರ ಮೇಲೆ ಕೆನೆ ಸುಕ್ಕುಗಟ್ಟಿ ನೊಣ ಕುಳಿತಿತ್ತು.

ಮಳೆಗಾಲದ ತಂಪಿಗೆ ರಟ್ಟು ಬೆವರಿತ್ತು. ಅದರ ವಾಸನೆ ಪಡಸಾಲೆಯವರೆಗೆ ಬರುತ್ತಿತ್ತು. ಕೋಣೆಯಿಂದ ಹೊರಬಿದ್ದ ಜೋಳದ ಚೀಲಗಳು ನಾನು ಮಲಗುವ ಕಡೆ ಒಟ್ಟಿದ್ದವು. ಬೆಳಿಗ್ಗೆ ಎದ್ದರೆ ಕೊರಳಲ್ಲಿ, ಕಂಕುಳಲ್ಲಿ ಕರೀ ನುಸಿ. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನಗೆ ಕೋಣೆ ಗುಡಿಸುವುದು, ಅಣ್ಣನಿಗೆ ತಾಟು ಒಯ್ಯುವುದು ಕೆಲಸ. ಒಳಗೆ ಅವನದು ಎರಡು ಟೇಪ್ ರೆಕಾರ್ಡರು. ಕ್ಯಾಸೆಟ್ಟಿನಿಂದ ಒಂದು ಗೇಣು ಟೇಪು ಕತ್ತರಿಸಿ, ತುದಿಗೆ ಎಂಜಲು ಹಚ್ಚಿ ನೆಟ್ಟಗೆ ಮಾಡಿ, ಅಂಟುಪಟ್ಟಿಯಿಂದ ಉಂಗುರದ ಹಾಗೆ ಕೂಡಿಸುತ್ತಿದ್ದ. ಆ ಉಂಗುರ ಗೋಡೆಯ ಮೊಳೆಯೊಂದನ್ನು ಸುತ್ತಿಕೊಂಡು ಬಂದು ಮೊದಲ ರೆಕಾರ್ಡರಿನೊಳಗೆ ತಿರುಗುತ್ತಿತ್ತು. ಅದು ಹೇಳಿದ್ದನ್ನೇ ಹೇಳುವುದು, ಎರಡನೆಯದು ಕೇಳಿಸಿಕೊಳ್ಳುವುದು. ದನಿ ನಿಧಾನ ಮಾಡಲು ಅವನು ಸೋತ ಸೆಲ್ಲು ಹಾಕುತ್ತಿದ್ದ. ಊರೆಲ್ಲ ಸೋತ ಸೆಲ್ಲನ್ನು ಬಿಸಿಲಿಗಿಟ್ಟು ಬದುಕಿಸಿಕೊಂಡರೆ, ಇವನು ಬದುಕಿದ್ದ ಸೆಲ್ಲನ್ನು ರಾತ್ರಿಯೆಲ್ಲ ಬಲ್ಬಿಗೆ ಕಟ್ಟಿ ಸಾಯಿಸುತ್ತಿದ್ದ. ಸೆಲ್ಲು ಸೋತಷ್ಟೂ ಟೇಪು ನಿಧಾನ, ದನಿ ದಪ್ಪ. ಸೋರಿದ ಸೆಲ್ಲುಗಳ ಬಿಳಿಯ ಪುಡಿ ಬೆರಳಿಗೆ ಮೆತ್ತಿರುತ್ತಿತ್ತು. ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದ.

"ಕೈ ತೊಳಕೊ ಅಣ್ಣ."

"ಇಲ್ಲೇ ಇಡು. ಉಂಗರ ತಿರಗಾಕತ್ತೈತಿ, ಏಳಾಕ ಬರಂಗಿಲ್ಲ."

ಜವಳಗೇರಾದ ಕಾಲುವೆಗೆ ಹೋಗಿ ತೂಬಿನೊಳಗೆ ಮೈಕು ಇಳಿಬಿಟ್ಟು ಬಂದಿದ್ದ. ಮಸ್ಕಿಯ ಬಸ್ಸಿನಲ್ಲಿ ಕುಳಿತು ಕಿಟಕಿಯ ಗಾಜು ನಡುಗುವ ಸಪ್ಪಳ ತಂದಿದ್ದ. ಅವನ್ನೆಲ್ಲ ಕೇಳಿ ಕೇಳಿ ಒರೆಸಿಹಾಕಿದ. "ಸತ್ತಾವು," ಎನ್ನುತ್ತಿದ್ದ. "ಒಳಗ ಉಸರು ಇಲ್ಲ."

ಶ್ರಾವಣದ ಕೊನೆಯ ವಾರ ಅವ್ವ ಅವನು ಸ್ನಾನಕ್ಕೆ ಹೋದಾಗ ಕೋಣೆ ಬಳಿಯಲು ಒಳಗೆ ಹೋಗಿ, ಮೂಲೆಯಲ್ಲಿದ್ದ ಎಣ್ಣೆಯ ಡಬ್ಬಿಯನ್ನು ಎತ್ತಿದಳು. ಮುಚ್ಚಳ ಸಡಿಲವಿತ್ತು. ಸೀರೆಯ ನಿರಿಗೆಯ ಮೇಲೆಲ್ಲ ಚೆಲ್ಲಿತು. ಮೊದಲು ಅವಳಿಗೆ ತಿಳಿಯಲಿಲ್ಲ. ಮೂಗಿಗೆ ಬಡಿದ ಮೇಲೆ ತಿಳಿಯಿತು. ಹಿತ್ತಲಿಗೆ ಓಡಿ ಬಚ್ಚಲ ಗೋಡೆ ಹಿಡಿದು ಕಾರಿಕೊಂಡಳು.

ಅಣ್ಣ ಒದ್ದೆ ತಲೆಯಲ್ಲೇ ಬಂದು ನಿಂತ. "ನಡುವ ಎದ್ದು ಹಿತ್ತಲಿಗಿ ಹೋದ್ರ ಬಾಗಲ ಸಪ್ಪಳ ಟೇಪಿನ್ಯಾಗ ಬರತೈತಿ ಯವ್ವಾ."

"ಜೋಳ ಇಡೋ ಕೋಣ್ಯಾಗ ಉಚ್ಚಿ ಹೊಯ್ದಿಟ್ಟೀಯಲ್ಲೋ ನಾಯಿ," ಎಂದಳು ಅವ್ವ ಬಾಯಿ ಒರೆಸಿಕೊಳ್ಳುತ್ತ. "ಆ ಗ್ವಾಡಿ ಆಕಡೆ ದೇವರು ಅದಾನ. ಅದರ ಖಬರ್ ಐತೇನು?"

"ಐತಿ," ಎಂದ. ಆ ಉತ್ತರ ಆಗ ನನಗೆ ಬರೀ ಮೊಂಡುತನವಾಗಿ ಕೇಳಿತು.

ಆ ದಿನ ನನಗೂ ಊಟ ಸೇರಲಿಲ್ಲ. ಅಜ್ಜಿ ದೇವರ ಜಗಲಿಯ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದು, ಏನಾಯಿತೆಂದು ಕೇಳಿ, ಗೋಡೆ ಹಿಡಿದೇ ಹಿಂದಿರುಗಿದಳು. ಅಪ್ಪ ಡಾಕ್ಟರನ್ನು ಕರೆಯುವ ಮಾತೆತ್ತಿದ. "ಡಾಕ್ಟರು ಬಂದು ಉಣ್ಣು ಅಂದ್ರ ಉಣ್ಣತೀನೇನು?" ಎಂದಳು ಅಜ್ಜಿ. ಅವ್ವ ನನ್ನನ್ನು ಪಕ್ಕಕ್ಕೆ ಎಳೆದಳು.

"ನಿನ್ನ ಮಾತಂದ್ರ ಅಂವ ಕೇಳ್ತಾನ. ಒಂದು ಸಲ ಬಂದು ಕರೀ ಅನ್ನು. ಮುದುಕಿ ಹೀಂಗ ಹೋದ್ಲಂದ್ರ ಊರಾಗ ಮಾರಿ ಹೆಂಗ ತೋರಸೂದು?"

ತಾಟು ಹಿಡಿದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಬಾ ಬಾ, ನಿನ್ನನ್ನ ಕರೀಬೇಕಂತಿದ್ದೆ," ಎಂದು ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದ. ಅದರ ಸ್ಪಂಜು ಅವನ ಬೆವರಿಗೆ ಜಿಗುಟಾಗಿತ್ತು. "ಮೂವತ್ತು ನಿಮಿಷ ಆಗೈತಿ. ಕೇಳು."

ಕೇಳಿದೆ. ನಿಜ ಹೇಳಬೇಕೆಂದರೆ, ಅದು ಕೆಟ್ಟದ್ದಾಗಿದ್ದರೆ ನನಗೆ ಹಗುರಾಗುತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಬಹಳ ದೂರದಲ್ಲಿ, ನೆಲದ ಕೆಳಗಿಂದ ಬಂದ ಹಾಗೆ ಒಂದು ದನಿ. ಅದು ಏರಿ, ಒಂದು ಕಡೆ ತಡೆದು, ಒಳಗಿಂದೊಳಗೆ ಕುಸಿಯುತ್ತಿತ್ತು. ಕುಸಿಯುವಷ್ಟರಲ್ಲಿ ಅದರ ಹಿಂದೆ ಇನ್ನೊಂದು ಏಳುತ್ತಿತ್ತು. ಮಾತಲ್ಲ, ಹಾಡಲ್ಲ. ನನ್ನ ತೋಳಿನ ಮೇಲೆ ಕೂದಲೆದ್ದವು.

"ಏನಿದು?"

"ಹೇಳು ನೋಡೂಣು," ಎಂದ. ಅವನ ಮುಖ ಹಬ್ಬದ ದಿನದಂತಿತ್ತು. "ತಿಳಿಯಂಗಿಲ್ಲ. ತಡಿ, ಇದರ ಮೂಲ ಹಾಕ್ತೀನಿ." ಹೊಸ ಸೆಲ್ಲು ಹಾಕಿ, ಬೇರೊಂದು ಕ್ಯಾಸೆಟ್ಟು ತುರುಕಿ ಗುಂಡಿ ಒತ್ತಿದ.

ಅಜ್ಜಿ ನನ್ನ ಕಿವಿಯಲ್ಲೇ ಮಾತಾಡಿದಳು.

ಅವಳು ದಿನಾ ಎರಡು ಹೊತ್ತು ಜಗಲಿಯ ಕೋಣೆಯ ಬಾಗಿಲು ಹಾಕಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಿದ್ದಳು. ಪಿಸುಗುಡುತ್ತಾಳೆಂದು ಮನೆಯವರಿಗೆಲ್ಲ ಗೊತ್ತು. ಏನೆಂದು ಯಾರೂ ಕೇಳಿದವರಲ್ಲ. ಅದು ಅವಳಿಗೂ ದೇವರಿಗೂ ಸೇರಿದ್ದು.

"ಹಸುವಾಗೈತಪ," ಎನ್ನುತ್ತಿದ್ದಳು. "ಹಸುವು ತಡಿಯಾಕ ಆಗವಲ್ದು. ನಿನ್ನಿ ಶೇಖರವ್ವ ಬ್ಯಾಳಿಗಿ ಒಗ್ಗರಣಿ ಕೊಟ್ಳು. ಆ ವಾಸನಿಗೆ ಬಾಯಾಗಿನ ನೀರು ನಿನ್ನ ಮ್ಯಾಲ ಬಿತ್ತು. ತೊಳದೀನಿ, ತಪ್ಪು ಹೊಟ್ಟಿಗಿ ಹಾಕ್ಕೊ. ಅಂವ ಬಂದು ಒಂದು ಸಲ, ಅಜ್ಜಿ ಏಳು ಅಂದ್ರ ಸಾಕು. ತತ್ತಿ ಇರ್ಲಿ, ಸುಡುಗಾಡು ಇರ್ಲಿ, ಗ್ವಾಡಿಗಿ ಏನರ ಬಡಕೊಳ್ಳಿ. ತಗೀ ಅನ್ನಂಗಿಲ್ಲ. ಒಂದು ಸಲ ಕರೀಲಿ. ನಾನಾಗಿ ಹೆಂಗ ಹೋಗಿ ಕುಂದ್ರಲಿ? ಹಸುವಾಗೈತಪ."

ಹೆಡ್‌ಫೋನು ಕಿತ್ತು ಕೆಳಗಿಟ್ಟೆ. ಅಣ್ಣ ಗೋಡೆ ತೋರಿಸಿದ. ಹಿಂದೆ ಒಂದೇ ಹಣತೆ ಎರಡು ಕೋಣೆಗೂ ಬೆಳಕಾಗಲೆಂದು ಗೋಡೆಯಲ್ಲಿ ಆರಪಾರ ಕೊರೆದ ದೀಪದ ಗೂಡು. ಆ ಕಡೆ ಹಲಗೆ ಮುಚ್ಚಿತ್ತು. ಈ ಕಡೆ, ತತ್ತಿ ತಟ್ಟೆಯ ಹಿಂದೆ, ಮೈಕು.

"ಯಾವಾಗಿಂದ?"

"ಎರಡು ವಾರದ ಮ್ಯಾಲಾತು. ಮೊದಲಿನ ವಾರ ಅಷ್ಟು ಬಂದಿರಲಿಲ್ಲ. ಬರಬರತ ದನ್ಯಾಗ ಒಂದು ಬನಿ ಬಂತು ನೋಡು. ತಳದಾಗ ನಡಗತೈತಲ್ಲ, ಅದು."

"ಅಕಿ ಏನಂತಾಳ, ಕೇಳೀಯಿಲ್ಲ?"

"ಕೇಳಲಾರದ ಮಾಡತೀನೇನು? ನೂರು ಸಲ ಕೇಳೀನಿ."

"ಮತ್ತ?"

ಅವನು ನನ್ನನ್ನು ನಿಜಕ್ಕೂ ತಿಳಿಯದವನ ಹಾಗೆ ನೋಡಿದ. "ನಾ ದನಿ ಕೇಳೀನವ್ವ. ಮಾತು ಹಿಡಿದು ಕುಂತ್ರ ದನಿ ಸಿಗಂಗಿಲ್ಲ."

"ಎದ್ದು ಹೋಗಿ ಕರಿ ಅಣ್ಣ. ತಟ್ಟಿ ತಗಿ ಅಂತ ಅಕಿ ಅನ್ನಂಗಿಲ್ಲ. ನಿನ್ನ ಟೇಪಿನ್ಯಾಗ ಐತಿ ಅದು."

"ಕರೀತೀನಿ. ನಾ ಏನು ವೈರಿ ಏನು ಅಕಿಗಿ? ಇನ್ನ ಹದಿನೈದು ನಿಮಿಷ ತುಂಬಬೇಕು. ಎರಡು ದಿನ." ನಾನು ತಂದ ತಾಟನ್ನು ಎಳೆದುಕೊಂಡು, ಪುಡಿ ಮೆತ್ತಿದ ಕೈಯಿಂದ ಅನ್ನ ಕಲಸಿದ. ಅದೇ ಒಗ್ಗರಣೆಯ ಬೇಳೆ. ಬೆರಳ ಸಂದಿಯಿಂದ ಸಾರು ಮಣಿಕಟ್ಟಿಗೆ ಇಳಿಯಿತು, ನೆಕ್ಕಿಕೊಂಡ. ಅವನು ಅಗಿಯುವ ಸಪ್ಪಳವೂ ಆ ಗುಳಿಗಳಿಗೆ ಬಡಿದು ಚೂರಾಗುತ್ತಿತ್ತು. ಒಡಹುಟ್ಟಿದವನ ಬಾಯಿ ನೋಡಿ ಅಷ್ಟು ಹೇಸಿಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅವ್ವನಿಗೆ ಹೇಳಿದರೆ ಅವಳು ಅಜ್ಜಿಗೆ ಹೇಳುವಳು. ಲಿಂಗದ ಮುಂದೆ ಅತ್ತದ್ದನ್ನು ಮನೆಯೇ ಕೇಳಿದೆಯೆಂದು ತಿಳಿದ ಮೇಲೆ ಅಜ್ಜಿ ಯಾರ ಮುಂದೆ ಬಾಯಿ ತೆರೆದಾಳು, ಅನ್ನಕ್ಕಾದರೂ, ದೇವರಿಗಾದರೂ? ಅಡುಗೆಮನೆಗೆ ಹೋಗಿ ಬಿಸಿ ಅನ್ನಕ್ಕೆ ಬೇಳೆ, ತುಪ್ಪ ಹಾಕಿ ಕಲಸಿಕೊಂಡು ಅಜ್ಜಿಯ ಮುಂದೆ ನಿಂತೆ.

"ಅಣ್ಣ ಕಳಿಸ್ಯಾನ."

ಅಜ್ಜಿ ತಾಟು ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಂವಗೇನು ಕಾಲಿಲ್ಲೇನು?"

"ಟೇಪ್ ತಿರಗಾಕತ್ತೈತಂತ. ಎದ್ರ ಕೆಡತೈತಂತ. ಅಜ್ಜೀನ ಏಳು ಅನ್ನು, ನಾ ಕರದೀನಂತ ಹೇಳು ಅಂದ."

"ಹಂಗs ಅಂದನೇನು?"

"ಹೂಂ."

"ಅಜ್ಜೀನ ಅಂದನೋ, ಮುದುಕೀನ ಅಂದನೋ?"

"ಅಜ್ಜೀನ ಅಂದ."

ಅವಳು ಕೈ ಚಾಚಿದಳು. ಉಣ್ಣುವಾಗ ನಾನು ನೋಡಬಾರದಿತ್ತು, ನೋಡಿದೆ. ತುತ್ತು ಬಾಯಿಗೆ ಹೋಗುವ ಮೊದಲೇ ಇನ್ನೊಂದಕ್ಕೆ ಕೈ ಹೋಗುತ್ತಿತ್ತು. ಗದ್ದದ ಮೇಲೆ ಅನ್ನ, ಎದೆಯ ಮೇಲಿನ ಸೆರಗಿನಲ್ಲಿ ಅನ್ನ. ಅದನ್ನೂ ಆರಿಸಿ ಬಾಯಿಗಿಟ್ಟುಕೊಂಡಳು. ಅವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ, "ಕಡೀಕೂ ಕರದನಲ್ಲ ಹಾಟ್ಯಾ," ಎಂದಳು. ನಾನು ಇನ್ನಷ್ಟು ಅನ್ನ ತರಲು ಒಳಗೆ ಹೋದೆ.

ಮರುದಿನ ಸಂಜೆ ಅಣ್ಣ ನನ್ನನ್ನು ಹಿತ್ತಲಲ್ಲಿ ತಡೆದು ನಿಲ್ಲಿಸಿದ. "ಏನು ಮಾಡಿದಿ ಅಕಿಗಿ?"

"ಉಣಿಸೀನಿ."

"ಅದಕ್ಕ. ದನ್ಯಾಗ ಆ ಬನಿ ಹೋಗಿಬಿಟ್ಟೈತಿ. ಕರದ ನೋಡಪ, ಕರದ ನೋಡಪ ಅಂತ ಒಂದs ಸವನ. ಬರೇ ಮುದುಕಿ ಮಾತಾಡಿದಂಗ ಐತಿ." ಅವನಿಗೆ ಸಿಟ್ಟಿರಲಿಲ್ಲ. ಬೆಳೆದ ಪೈರು ಆಡಿನ ಬಾಯಿಗೆ ಬಿದ್ದವನಂಥ ಬೇಸರವಿತ್ತು. "ಎರಡು ದಿನ ತಡಿಯಾಕ ಆಗಲಿಲ್ಲೇನು ನಿನಗ?"

"ಅಕಿಗಿ ಆಗಲಿಲ್ಲ," ಎಂದೆ. ನಾನು ದಿನಾ ಬರೆಯುತ್ತಿದ್ದ ದಿನಚರಿಯಲ್ಲಿ ಅವತ್ತು ತಾರೀಖು ಮಾತ್ರ ಬರೆದಿದ್ದೇನೆ.

ಇದ್ದ ಮೂವತ್ತು ನಿಮಿಷವನ್ನೇ ಅವನು ಇನ್ನಷ್ಟು ಸೋತ ಸೆಲ್ಲಿನಲ್ಲಿ ಎಳೆದು ನಲವತ್ತೈದು ಮಾಡಿದ. ತತ್ತಿ ತಟ್ಟೆಗಳು ಗೋಡೆಯ ಮೇಲೇ ಉಳಿದವು. ಅಜ್ಜಿ ಅವುಗಳ ಹೆಸರು ಮತ್ತೆ ಎತ್ತಲಿಲ್ಲ. ಎರಡು ಹೊತ್ತೂ ಉಂಡಳು, ಗೋಡೆ ಹಿಡಿಯದೆ ನಡೆದಳು.

ಗಣಪತಿ ಕಳುಹಿಸಿದ ಮುಂದಿನ ರವಿವಾರ ಮಧ್ಯಾಹ್ನ, ಎಲ್ಲರೂ ಉಂಡು ಎಲೆಯಡಿಕೆ ಹಾಕಿಕೊಳ್ಳುವಾಗ, ಅಣ್ಣ ರೆಕಾರ್ಡರನ್ನು ಪಡಸಾಲೆಗೆ ತಂದಿಟ್ಟ. ದಾವಲ್‌ಸಾಬನನ್ನೂ ಕರೆಸಿದ್ದ. "ಮಾತಾಡಬ್ಯಾಡ್ರಿ. ಕೇಳಾಕೂ ಬ್ಯಾಡ. ಸುಮ್ನ ಕುಂದ್ರಿ," ಎಂದು ಗುಂಡಿ ಒತ್ತಿದ. ನಾನು ಎದ್ದುಹೋಗಬೇಕೆಂದುಕೊಂಡೆ. ಅಜ್ಜಿ ನನ್ನ ಪಕ್ಕದಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಏಳಲಿಲ್ಲ.

ದನಿ ಎದ್ದಿತು. ತಡೆಯಿತು. ಕುಸಿಯಿತು.

ಐದು ನಿಮಿಷಕ್ಕೆ ಅಪ್ಪ, "ಪಂಪ್ ಕೆಟ್ಟಂಗ ಐತಲ್ಲಲೇ," ಎಂದ. ದಾವಲ್‌ಸಾಬ್, "ಹೆಡ್ ಸಾಫ್ ಮಾಡ್ಬೇಕು ಪಂಪಣ್ಣ, ಹೊಲಸು ಕೂತೈತಿ," ಎಂದ. ಅವ್ವನಿಗೆ ಆಗಲೇ ಕಣ್ಣು ಎಳೆಯುತ್ತಿತ್ತು. ಅಜ್ಜಿ ಮಾತ್ರ ಎಲೆ ಅಗಿಯುವುದನ್ನು ನಿಲ್ಲಿಸಿದ್ದಳು. ತಲೆ ಒಂದು ಕಡೆ ವಾಲಿಸಿ, ಬಹಳ ಹೊತ್ತು ಕೇಳಿದಳು.

"ಪಂಪ್ಯಾ."

"ಹಾಂ ಅಜ್ಜಿ."

"ಅದರಾಗ ಯಾರೋ ಹಸದಾರಲೇ," ಎಂದಳು. "ಭಾಳ ದಿನದಿಂದ ಹಸದಾರ. ಯಾರೂ ಕರದಿಲ್ಲೇನು ಅವರನ್ನ ಉಣ್ಣಾಕ?"

ಅಪ್ಪ ನಕ್ಕ. ನಾನು ನೆಲ ನೋಡುತ್ತ ಕುಳಿತೆ. ಅಣ್ಣನ ಮುಖ ಮಾತ್ರ ಅರಳಿತು. ಅಷ್ಟು ಖುಷಿಯಾಗಿದ್ದ ಅವನನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ನೋಡಿದ್ರೇನಪ್ಪ? ನಿಮಗ್ಯಾರಿಗೂ ತಿಳೀಲಿಲ್ಲ. ಅಜ್ಜಿಗಿ ಬರಾಬರ್ ತಿಳೀತು," ಎಂದು, ಟೇಪನ್ನು ಹಿಂದಕ್ಕೆ ಓಡಿಸಿ, ಅವಳಿಗೆ ಕೇಳಲೆಂದು ದನಿ ಇನ್ನಷ್ಟು ಏರಿಸಿ, ಅದೇ ಜಾಗದಿಂದ ಮತ್ತೆ ಹಚ್ಚಿದ.